ಒತ್ತು

ಗೋರಿಪಾಳ್ಯದ ಅಡ್ಡರಸ್ತೆಯಲ್ಲಿ ಅಕ್ಕಿ ಅಂಗಡಿಯ ಮೇಲೆ
ಒಂದು ಕೋಣೆ, ಎರಡು ಕಂಪ್ಯೂಟರು, ಹನ್ನೊಂದು ಹೆಂಗಸರು.
ಮಧ್ಯಾಹ್ನ ಎರಡರಿಂದ ನಾಲ್ಕು.
ಕಾವೇರಿ ನೀರು ಬಿಡುವ ದಿನ ಬರುವವರು ಮೂವರೇ,
ಅವರ ಕಿವಿಯೂ ಕೆಳಗಿನ ನಲ್ಲಿಯಲ್ಲೇ.

ಯಾವುದೋ ಕಂಪನಿ ಬೇಡವೆಂದು ಕೊಟ್ಟ ಕೀಬೋರ್ಡಿನಲ್ಲಿ
ಎಫ್ ಕೀಲಿಯ ಟೋಪಿ ಹಾರಿಹೋಗಿದೆ.
ಒತ್ತಕ್ಷರಕ್ಕೆ ನಮಗೆ ಬೇಕಾದದ್ದು ಅದೇ.
ಕ, ಎಫ್, ಕ: ಆಗಲೇ ಅಕ ಹೋಗಿ ಅಕ್ಕ ಆಗುವುದು.
ಮುನಿರತ್ನಮ್ಮ ಹಣೆಯ ಟಿಕಲಿ ಕಿತ್ತು
ಆ ಹಳ್ಳಕ್ಕೆ ಅಂಟಿಸಿದಳು.
'ಕೆಂಪು ಒತ್ತಿದರೆ ಒತ್ತು' ಅಂದಳು.
ಮೂವತ್ತು ವರ್ಷ ಟೈಪು ಬಡಿದ ನನಗೆ
ಇಷ್ಟು ಚಿಕ್ಕ ಸೂತ್ರ ಹೊಳೆದಿರಲಿಲ್ಲ.

ಜೈತೂನ್ ಬೀ ಮೌಸನ್ನು ಹಿಡಿಯುವುದಿಲ್ಲ, ಹೊಸೆಯುತ್ತಾಳೆ,
ಅಂಗೈಯ ಅಡಿಯಲ್ಲಿ ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ.
ದಿನಕ್ಕೆ ನಾಲ್ಕು ಸಾವಿರ ಊದುಬತ್ತಿ ಹೊಸೆದ ಕೈ.
ಬಾಣ ಪರದೆಯ ಅಂಚಿಗೆ ಹೋಗಿ ಕಾಣದಾಗುತ್ತದೆ.
'ಟೀಚರ್, ನಿಮ್ಮ ಇಲಿ ಬಿಲ ಸೇರ್ಕೊಂತು.'
ಇ ಅಂದರೆ ಇಲಿ. ಕಲಿತದ್ದು ಹೋದ ತಿಂಗಳು.

ಆ ಕೈಯ ಹೆಬ್ಬೆರಳಲ್ಲಿ ಈಗ ಗೆರೆಗಳಿಲ್ಲ.
ಇದ್ದಿಲ ಪುಡಿ, ಜಿಗಟು, ಮರದ ಹಲಗೆ
ಇಪ್ಪತ್ತೆರಡು ವರ್ಷ ಸೇರಿ ಉಜ್ಜಿ ತೆಗೆದಿವೆ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ಕೆಂಪಗಾಗಿ
ನೀನು ನೀನಲ್ಲ ಎಂದಿತಂತೆ.
'ಎಲ್ಲಾರೂ ನನ್ನ ಹೆಬ್ಬೆಟ್ಟು ಅಂತಿದ್ರು.
ಈಗ ಅದೂ ಅಲ್ವಂತೆ.'
ಹೇಳಿ ನಕ್ಕಳು. ಎಲ್ಲರೂ ನಕ್ಕರು.
ನಾನು ಚಾಕ್‌ಪೀಸು ಹುಡುಕುವವಳಂತೆ ಬಗ್ಗಿದೆ.

ಮೇಯೋಹಾಲ್ ಕೋರ್ಟಿನ ಮುಂದೆ
ಕೊಡೆಯ ಕೆಳಗೆ ಟೈಪ್‌ರೈಟರು ಇಟ್ಟುಕೊಂಡು
ಹಾಳೆಹಾಳೆಯ ಕೊನೆಗೆ ನಾನೇ ಬಡಿದ ಸಾಲು:
ಓದಿ ಹೇಳಲಾಗಿ ಕೇಳಿ ಸರಿಯೆಂದು ಒಪ್ಪಿ
ಹಾಕಿದ ಎಡಗೈ ಹೆಬ್ಬೆಟ್ಟಿನ ಗುರುತು.
ಓದಿ ಹೇಳಿದವರನ್ನು ನಾನು ಕಂಡದ್ದು ಕಡಿಮೆ.
ಒಬ್ಬಳು, ಹಸಿರು ಸೀರೆ, ಕಂಕುಳಲ್ಲಿ ಮಗು,
'ಇದ್ರಾಗೆ ಏನೈತಕ್ಕ?' ಅಂದಳು.
'ಬೇಕಾದ್ದೆಲ್ಲ ಇದೆ' ಅಂದೆ,
ಇಂಕಿನ ಡಬ್ಬಿ ಮುಂದೆ ತಳ್ಳಿದೆ.
ಪುಟಕ್ಕೆ ಹನ್ನೆರಡು ರೂಪಾಯಿ.
ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೋದಳು.
ಅವಳು ಏನು ಬಿಟ್ಟುಕೊಟ್ಟಳೆಂದು ಅವಳಿಗೆ ಗೊತ್ತಿರಲಿಲ್ಲ,
ನನಗೆ ಗೊತ್ತಿತ್ತು.

ಜೈತೂನ್ ಮೊದಲ ಸಲ ತನ್ನ ಹೆಸರು ಬಡಿದದ್ದು
ತಪ್ಪು ಚೌಕದಲ್ಲಿ, ಪಾಸ್‌ವರ್ಡಿನ ಜಾಗದಲ್ಲಿ.
ಒಂದೊಂದು ಒತ್ತಿಗೂ ಒಂದೊಂದು ಕಪ್ಪು ಚುಕ್ಕಿ.
'ಕಲ್ಸಿದ್ದೂ ನೀವೇ, ಮುಚ್ಚಿಡೋದೂ ನೀವೇನಾ?'
'ಚುಕ್ಕಿ ಇಟ್ಟಾಯ್ತಲ್ಲ, ಇನ್ನು ರಂಗೋಲಿ ಎಳಿ'
ಅಂದಳು ಮುನಿರತ್ನಮ್ಮ, ಬರಿ ಹಣೆಯವಳು.

ಮೊನ್ನೆ ಸಾಲದ ಸಂಘದ ಹುಡುಗ ಬಂದನಂತೆ.
ಬೈಕಿನಿಂದ ಇಳಿಯದೆಯೇ ಕಾಗದ ನೀಡಿ
'ಇಲ್ಲಿ, ಇಲ್ಲಿ, ಇನ್ನೊಂದು ಇಲ್ಲಿ.'
ಇವಳು ಹೊಸ್ತಿಲ ಮೇಲೆ ಕೂತಳಂತೆ.
ಬೆರಳಿಟ್ಟಳಂತೆ,
ಒತ್ತಲಿಕ್ಕಲ್ಲ, ಸಾಲು ತಪ್ಪದಿರಲೆಂದು.
ಹುಡುಗ ಗಡಿಯಾರ ನೋಡಿದ. ಎಂಜಿನ್ನು ಆರಿಸಿದ.
ನೀರು ಕೇಳಿ ಕುಡಿದ.
'ಎಲ್ರೂ ಹಾಕ್ತಾರಮ್ಮ, ನಿಮ್ದೊಂದೇ ಲೇಟು.'
ಬ. ಆಮೇಲೆ ಡ. ಡದ ಕೆಳಗೆ ಇನ್ನೊಂದು ಡ.
'ಬಡ್ಡಿ ಅಂದ್ರೆ ಹಂಗೇ ಅಲ್ವಾ ಟೀಚರ್,
ಒಂದರ ಬುಡಕ್ಕೆ ಇನ್ನೊಂದು.'
ಮೂರು ಗಂಟೆಯಾದರೂ ಮೊದಲ ಹಾಳೆ ಮುಗಿದಿರಲಿಲ್ಲ.
ನಾಳೆ ಬಾ ಬೇಟಾ ಎಂದು ಕಳಿಸಿದಳಂತೆ.

ಆ ಕಾಗದ ಇವತ್ತು ಕ್ಲಾಸಿಗೆ ಬಂದಿದೆ,
ನಾಲ್ಕು ಮಡಿಕೆಯಾಗಿ, ಊದುಬತ್ತಿಯ ವಾಸನೆಯಲ್ಲಿ.
ರೂಢಿಯ ಕೈ ನನ್ನದು, ಮುಂದೆ ಹೋಯಿತು.
'ಓದಿ ಹೇಳ್ಬೇಡಿ' ಅಂದಳು,
'ಪಕ್ಕದಲ್ಲಿ ಕೂತ್ಕೊಳ್ಳಿ, ಸಾಕು.'

ಕೂತೆ.
ಎರಡನೇ ಹಾಳೆ. ಸಣ್ಣ ಅಕ್ಷರ.
ಕೆಳಗೆ ನಲ್ಲಿ ಕೆಮ್ಮಿತು, ನೀರು ಬಂತು.
ಮುನಿರತ್ನಮ್ಮ ಮಾತಾಡದೆ ಎದ್ದು
ಇಬ್ಬರ ಕೊಡವನ್ನೂ ಎತ್ತಿಕೊಂಡು
ಮೆಟ್ಟಿಲು ಇಳಿದಳು.