ಖಾಲಿ ಬಿಡಬ್ಯಾಡ್ರಿ

ಮಂಡಕ್ಕಿ ಚೀಲದಲ್ಲಿ ಸುತ್ತಿಕೊಂಡು ತಂದೆ,
ಸೆಕೆಂಡ್ ಹ್ಯಾಂಡ್ ಬಿಲ್ಲು, ನನಗಿಂತ ಹನ್ನೆರಡೇ ವರ್ಷ ಚಿಕ್ಕದು.
ಎರಡು ಗಾಲಿ, ಮೂರು ದಾರ,
ಯಾರೋ ಅರ್ಧಕ್ಕೇ ಬಿಚ್ಚಿಟ್ಟ ಸೈಕಲ್ಲಿನ ಹಾಗೆ.
ರಾತ್ರಿ ಪಾಳಿ ಮುಗಿದಿತ್ತು; ಕಣ್ಣಲ್ಲಿನ್ನೂ ವಾರ್ಡಿನ ದೀಪ.

ಭಟ್ಟಿಗಳ ಸಾಲಿನ ಹಿಂದೆ ದಾದಾಪೀರರ ಶೆಡ್ಡು.
ಗೋಡೆ ಅರ್ಧ ಹೊಗೆ, ಅರ್ಧ ಕ್ಯಾಲೆಂಡರು.
ಮಿಲ್ಲು ಮುಚ್ಚುವ ತನಕ ಫಿಟರು,
ಇಂಥ ಬಿಲ್ಲು ಕಂಡದ್ದು ಇದೇ ಮೊದಲು.
ಚಹಾ ಹಿಡಿದು ಸುಮ್ಮನೆ ಅದರ ಸುತ್ತ ನಡೆದರು.

ನಾನು ಉಮೇದಿಗೆ ಹೆದೆ ಹಿಡಿದು ಒಂದಿಷ್ಟು ಎಳೆದೆ.
"ಬಿಡಬ್ಯಾಡ್ರೀ!"
ಚಹಾ ಚೆಲ್ಲಿತು.
"ನಿಧಾನಕ್ಕ ವಾಪಸ್ ತರ್ರಿ. ಹಾಂ.
ಖಾಲಿ ಬಿಟ್ರ, ಬಾಣಕ್ಕ ಹೋಗೋ ಸಿಟ್ಟು
ಎಲ್ಲಿಗೆ ಹೋಗಬೇಕು ಹೇಳ್ರಿ?
ತಿರುಗಿ ಮನೀಗೇ ಬರತೈತಿ."

ದಾರ ಜುಂಗು ಎದ್ದಿತ್ತು.
ಎಳೆ ಕಡಿದಿದ್ದರೆ ಬದಲಿಸಲೇಬೇಕಂತೆ;
ಕಡಿದಿಲ್ಲ, ಬರೇ ಒಣಗೈತಿ ಎಂದು
ಮೇಣ ಸವರಿ ಹೆಬ್ಬೆರಳ ಬಿಸಿಯಲ್ಲೇ ಉಜ್ಜಿದರು,
ನೂಲಿಗೆ ಅವರ ನೆನಪಿದೆಯೋ ಎಂದು ಕೇಳುವವರ ಹಾಗೆ.

ಭುಜ ನೋಯುತ್ತದೆ, ತೂಕ ಇಳಿಸಬೇಕು ಎಂದೆ.
ಬೋಲ್ಟುಗಳಿಗೆ ಮಾರ್ಕರಿನಲ್ಲಿ ಗೆರೆ ಎಳೆಸಿದರು.
ಮೇಲೆ ಅರ್ಧ ಸುತ್ತು ಸಡಿಲಿಸಿದರೆ ಕೆಳಗೂ ಅರ್ಧ,
ಕೂದಲೆಳೆ ಹೆಚ್ಚು ಕಡಿಮೆ ಆಗಬಾರದು.
ಕೀಲಿ ತಿರುಗಿಸಲು ಹೋದವರು ನಿಂತರು.
"ಸಿಸ್ಟರಮ್ಮಾ, ಹತ್ತಿ ಐತೇನು?"

ನನ್ನ ಬ್ಯಾಗಿನಲ್ಲಿ ಇರದೇ ಇರುತ್ತದೆಯೇ?
ಸೂಜಿ ತೆಗೆದ ಮೇಲೆ ಒತ್ತುವಷ್ಟು ಹರಿದು ಕೊಟ್ಟೆ.
ಮೇಲಿನ ತೋಳಿನ ಉದ್ದಕ್ಕೂ ಜಾರಿತು ಹತ್ತಿ,
ಅಂಚು, ಒಳಮೈ, ಗಾಲಿಯ ಬುಡ.
ಕೆಳಗಿನ ತೋಳಿನಲ್ಲಿ, ಬೋಲ್ಟಿನ ಹತ್ತಿರ,
ತಡೆಯಿತು.
ಒಂದೇ ಒಂದು ಎಳೆ ಸಿಕ್ಕಿಬಿತ್ತು.

ಬರಿಗಣ್ಣಿಗೆ ಏನೂ ಇಲ್ಲ.
ಟಾರ್ಚು ಓರೆ ಹಿಡಿದಾಗ ಕಂಡಿತು ಬಿರುಕು.
ಅವರು ಮಾತಾಡಲಿಲ್ಲ. ಆ ಮೌನ ನನಗೆ ಗೊತ್ತು,
ಎಕ್ಸ್‌ರೇ ಬೆಳಕಿಗೆ ಹಿಡಿದವರದು.
"ಅಂಟು ಹಾಕಿದರೆ?
ಸ್ವಲ್ಪವೇ ಎಳೆದರೆ?
ಬರೀ ಭಾನುವಾರ ಎಳೆದರೆ?"
ನನ್ನದೇ ದನಿ, ರೋಗಿಯ ಕಡೆಯವರ ಹಾಗೆ.
ದಾದಾಪೀರರು ನಕ್ಕರು: "ಇದನ್ನ ನೀವು ಕೇಳತೀರಲ್ಲ."
ಕೀಲಿ ಒರೆಸಿ ಡಬ್ಬಿಗೆ ಹಾಕಿದರು. ದುಡ್ಡು ಮುಟ್ಟಲಿಲ್ಲ,
ಮೇಣದ್ದು ಮಾತ್ರ ಇಪ್ಪತ್ತು ರೂಪಾಯಿ.

ಆ ಮಾಡೆಲ್ಲಿನ ತೋಳು ಈಗ ಬರುವುದಿಲ್ಲವಂತೆ;
ಪುಣೆಯಲ್ಲಿ ಯಾರೋ ವಿಚಾರಿಸುತ್ತೇನೆ ಎಂದಿದ್ದಾರೆ.
ಬಿಸಿಲು ತಾಕದ ಗೋಡೆಗೆ ತೂಗು ಹಾಕಿದ್ದೇನೆ.
ಹತ್ತಿಯ ಎಳೆ ಕೀಳಲಿಲ್ಲ.
ಫ್ಯಾನು ಹಾಕಿದಾಗೆಲ್ಲ ಅಲುಗುತ್ತದೆ,
ಇಲ್ಲಿ,
ಇಲ್ಲಿ ಎನ್ನುತ್ತ.