ನಲವತ್ತೊಂದನೇ ಶಬ್ದ

ತಾಜ್ ಬಾವಡಿಯ ಹಿಂದೆ, ಸೈಕಲ್ ರಿಪೇರಿ ಅಂಗಡಿಯ ಮೇಲೆ
ನನ್ನ ಕ್ಲಾಸು. ಎರಡು ಬಾಕು, ಒಂದು ಕರಿಹಲಗೆ,
ದಮ್ಮಾಮಿನಿಂದ ತಂದು ಇಲ್ಲಿ ನಿಂತುಹೋದ ಗಡಿಯಾರ.
ಈ ತಿಂಗಳು ಮಹಾನಂದಾ ಹತ್ತರಕಿ ಒಬ್ಬಳೇ.
ರಾತ್ರಿಪಾಳಿ ಮುಗಿಸಿ, ಡೆಟಾಲಿನ ವಾಸನೆ ಸಮೇತ ಬಂದು
ಕುವೈತಿನ ಏಜೆಂಟ ಕೊಟ್ಟ ಹಾಳೆ ಬಿಡಿಸಿದಳು:
ದಿನಬಳಕೆಯ ನಲವತ್ತು ಇಂಗ್ಲಿಷ್ ಶಬ್ದ,
ಎದುರಿಗೆ ನಲವತ್ತು ಖಾಲಿ ಗೆರೆ.

ಚೇರು? ಕುರ್ಸಿ, ಅಂದೆ.
'ಅಯ್ಯ, ಕುರ್ಚೀನ!'
ಸೋಪು? ಸಾಬೂನ್.
'ನಮ್ಮವ್ವ ಸಾಬಾಣ ಅಂತಾಳ. ಅರಬ್ಬಿ ಕಲಿಸಾಕತ್ತೀರೋ
ನಮ್ಮೂರ ಮಾತು ನನಗ ಮಾರಾಕತ್ತೀರೋ ಕಾಕಾ?'
ಆನ್ಸರು ಜವಾಬು. ಡೇಟು ತಾರೀಖು.
ಎಂಪ್ಟಿಯ ಮುಂದಿನ ಖಾಲಿ ಗೆರೆಯಲ್ಲಿ
ಖಾಲಿ ಅಂತಲೇ ಬರೆದಳು.
ಸುಲ್ತಾನರು ಹೋದರು. ಅವರ ಫರ್ಮಾನು ಗೆದ್ದಲು ತಿಂತು.
ಶಬ್ದಗಳು ಮಾತ್ರ ಹತ್ತರಕಿಯ ಬಚ್ಚಲಲ್ಲಿ
ಇನ್ನೂ ಅರಿವಿ ಒಗೆಯುತ್ತ ಕೂತಿವೆ.

ಹನ್ನೊಂದನೆಯದು ಪೇನ್.
ಅಲಂ, ಅಂದೆ. ಬರೆಯುವ ಕೈ ನಿಂತಿತು.
'ಅಲಂ ಅಂದ್ರ ಅಲಾಯಿ ದೇವರಲ್ಲೇನ್ರೀ?
ಮೊಹರಮ್ಮಿಗೆ ನಮ್ಮ ಸೋದರಮಾವ ಹೊರತಿದ್ದ,
ಹಿತ್ತಾಳಿ ಕೈ, ಹಸರ ವಸ್ತ್ರ,
ಸಕ್ಕರಿ ಓದಿಸಿಕೊಂಡು ಬರತಿದ್ವಿ.'
ಅದು ಬೇರೆ, ಮಹಾನಂದಾ. ಅದು ಗಂಟಲ ತಳದಿಂದ ಏಳತದ,
ಇದು ಬರೇ ಬಾಯಿಂದ. ಕನ್ನಡಕ್ಕ ಆ ಗಂಟಲಿಲ್ಲ;
ನಮ್ಮ ಅಕ್ಷರದಾಗ ಬರದರ
ನೋವೂ ಅಲಂ, ನಿಶಾನೀನೂ ಅಲಂ.
ಡಾಕ್ಟರು ನಾಲಿಗಿ ಒತ್ತಿ 'ಆ' ಅನ್ನು ಅಂದಾಗ
ಪೇಶಂಟಿನ ಒಳಗ ಒಂದು ಸಪ್ಪಳ ಸಿಕ್ಕೊಳ್ಳತದಲ್ಲ, ಅದನ್ನ ತಗಿ.
ತೆಗೆಯಲು ಹೋಗಿ ಕೆಮ್ಮಿದಳು.
ಕೆಳಗಿನಿಂದ ಸೈಕಲ್‌ನವ, 'ನೀರು ಬೇಕೇನ್ರೀ?'

ನೀರೇ ಹನ್ನೆರಡನೆಯದು.
ಕಿತಾಬಿನಲ್ಲಿ ಮಾ. ಅಲ್ಲಿಯ ಮನೆಗಳಲ್ಲಿ ಮಾಯ್.
'ಮಾಯಿ?' ಅಂದಳು,
ಮತ್ತೆ ಬಹಳ ಹೊತ್ತು ಏನೂ ಕೇಳಲಿಲ್ಲ.

ಹಾಳೆ ತಿರುವಿದೆ.
ಎಸ್ ಇತ್ತು. ಎಸ್ ಮೇಡಂ ಬೇರೆ ಇತ್ತು.
ಕೂಡಲೇ ಇತ್ತು. ಸಾರಿ ಎರಡು ಸಲ,
ಟೈಪು ಮಾಡಿದವನ ಕೈತಪ್ಪೋ, ಅನುಭವವೋ.
ನೋ ಇರಲಿಲ್ಲ.

ನನ್ನ ಹಾಳೆಯಲ್ಲೂ ಇರಲಿಲ್ಲ.
ಪಾಸ್‌ಪೋರ್ಟು ನಮ್ಮ ಕಪಾಟಿನಲ್ಲಿರಲಿ ಅಂದರು: ನಅಂ.
ಅಬ್ಬಾ ತೀರಿದ ವಾರ ರಜಾ ಇಲ್ಲ ಅಂದರು: ನಅಂ.
ಹನ್ನೆರಡು ವರ್ಷ, ಉಚ್ಚಾರ ಒಂದು ಸಲವೂ ತಪ್ಪಲಿಲ್ಲ.
ಆ ಹೌದಿನ ನಡುವೆಯೂ ಅದೇ ಗಂಟಲ ಸಪ್ಪಳ,
ಬಾವಿ ತೋಡಿದಂತೆ ತೋಡಿ ತೆಗೆಯಬೇಕು.
ಇಲ್ಲ ಅನ್ನುವುದಕ್ಕೆ ನಾಲಿಗೆಯ ತುದಿ ಸಾಕಿತ್ತು.

ಹಲಗೆಯ ಮೇಲೆ ಬರೆದೆ: ಎರಡು ಗೀಟು,
ಬುಡದಲ್ಲಿ ಒಂದನ್ನೊಂದು ದಾಟಿದವು.
ಲಾ.
'ಕೈ ಕಟ್ಟಿ ನಿಂತಾರ್ರೀ ಯಾರೋ,' ಅಂದಳು.
ನಿಂತಾರ. ನೀನೂ ನಿಲ್ಲು. ಅನ್ನು.
ಮೆಲ್ಲಗೆ ಅಂದಳು, ವಾರ್ಡಿನಲ್ಲಿ ಮಾತಾಡಿದ ಹಾಗೆ.
'ಗೋಳಗುಮ್ಮಟಕ್ಕ ಹೋಗಿ ರೂಢಿ ಮಾಡಲೇನು?'
ಬ್ಯಾಡ. ಅದು ನಿನ್ನ ಏಜೆಂಟನಿಗೆ ಹೇಳಿ ಮಾಡಿಸಿದ ಆಳು,
ಅಂದದ್ದನ್ನ ಏಳು ಸಲ ಅಂತದ, ತನ್ನದೊಂದು ಅನ್ನಂಗಿಲ್ಲ.
ಇಲ್ಲೇ ಅನ್ನು, ಈ ಹಳೇ ಮುದುಕನ ಮುಂದ.

ಕೆಳಗೆ ಯಾವುದೋ ಟ್ಯೂಬು ಠುಸ್ಸೆಂದಿತು.
ಹಾಳೆಯ ಅಂಚಿನಲ್ಲಿ ಜಾಗ ಮಾಡಿ
ನಲವತ್ತೊಂದು ಅಂತ ಅಂಕಿ ಹಾಕಿದಳು,
ಇಂಗ್ಲಿಷಿನಲ್ಲಿ ಏನನ್ನೂ ಬರೆಯಲಿಲ್ಲ.
ಪರ್ಸು ತೆಗೆದಾಗ ಅಂದೆ: ಫೀ ಇರಲಿ ಬಿಡು,
ಮೊದಲ ಪಗಾರ ಬಂದ ಮ್ಯಾಲ ನೋಡೋಣು, ಬಾಕಿ ಇರಲಿ.
ನೋಟುಗಳನ್ನು ಸೀಮೆಸುಣ್ಣದ ಡಬ್ಬಿಯ ಕೆಳಗಿಟ್ಟು
ಚಪ್ಪಲಿ ಮೆಟ್ಟುತ್ತ,
'ಲಾ,' ಅಂದಳು.

ಮೆಟ್ಟಿಲು ಇಳಿಯುವವರೆಗೂ
ಅದರ ದೀರ್ಘ ಸರಿಯಾಗಿತ್ತೇ ಎಂದು
ಯೋಚಿಸುತ್ತ ಕೂತೆ.