ಲೆಕ್ಕಶೀರ್ಷಿಕೆ

ದಾಸ್ತಾನು ಪುಸ್ತಕದ ನೂರ ಹನ್ನೊಂದನೇ ಪುಟದಲ್ಲಿ
ಕುರ್ಚಿ, ತೋಳಿಲ್ಲದ್ದು, ನಲವತ್ತು;
ಕುರ್ಚಿ, ತೋಳಿದ್ದದ್ದು, ಆರು;
ಚಿತ್ರ, ಚೌಕಟ್ಟು ಸಹಿತ, ಮುನ್ನೂರ ಹನ್ನೆರಡು.
ಒಂದೇ ಕೈಬರಹ, ಒಂದೇ ಶಾಯಿ.
ಬರೆದವರು ಯಾವಾಗಲೋ ನಿವೃತ್ತರು.

ನನ್ನ ಮೇಜಿಗೆ ಬಂದ ಕಡತ
ಮೂರು ವರ್ಷ ಮೇಲೇಳಲಿಲ್ಲ.
ಪ್ರಯೋಗಾಲಯಕ್ಕೆ ಲೆಕ್ಕಶೀರ್ಷಿಕೆ ಇದೆ, ಉದ್ಯಾನಕ್ಕೆ ಇದೆ,
ಜನರೇಟರಿನ ಡೀಸೆಲ್ಲಿಗೆ ಇದೆ,
ಘಟಿಕೋತ್ಸವದ ಶಾಲು, ಹಾರ, ಹಣ್ಣಿನ ಬುಟ್ಟಿಗೆ
ಎರಡೆರಡು ಇವೆ.
ಚಿತ್ರಕ್ಕಿಲ್ಲ.
‘ಪರಿಶೀಲಿಸಿ ಮಂಡಿಸಿ’ ಎಂದು ಮೇಲಿನವರು,
‘ಅನುದಾನ ಲಭ್ಯವಿಲ್ಲ’ ಎಂದು ನಾನು,
ಅವರ ಹಸಿರು ಶಾಯಿಗೂ ನನ್ನ ನೀಲಿ ಶಾಯಿಗೂ ನಡುವೆ
ಮಳೆಗಾಲಕ್ಕೊಂದಿಷ್ಟು ಬೂಷ್ಟು.

ಜೆಸಿಂತಾ ಬಂದದ್ದು ಫೆಬ್ರವರಿಯಲ್ಲಿ,
ಲಿಂಗರಾಜಪುರದಿಂದ ಎರಡು ಬಸ್ಸು ಬದಲಿಸಿ,
ಟಿಫಿನ್ ಡಬ್ಬಿಯಲ್ಲಿ ಹತ್ತಿ, ಬಿದಿರುಕಡ್ಡಿ.
ಅಂದಾಜುಪಟ್ಟಿ ಓದಿದೆ:
ಅಂಟು. ತೆಳುಕಾಗದ. ತೇವ ಅಳೆಯುವ ಯಂತ್ರ.
ಕೊನೆಯ ಸಾಲು: ಎಂಜಲು. ದರ ಇಲ್ಲ.

ನಕ್ಕೆ. ಅವರು ನಗಲಿಲ್ಲ.
‘ಮೇಡಂ, ಒಮ್ಮೆ ಕೆಳಗೆ ಬನ್ನಿ.’

ನೆಲಮಾಳಿಗೆಯ ಬೀಗದ ಕೈ ಮುನಿಹನುಮಯ್ಯನದು.
ಮಳೆ ನುಗ್ಗಿದ ರಾತ್ರಿ ಚಿತ್ರಗಳನ್ನೆಲ್ಲ
ಪರೀಕ್ಷೆಯ ಡೆಸ್ಕುಗಳ ಮೇಲೇರಿಸಿ
ತನ್ನ ರೈನ್‌ಕೋಟು ಹೊದಿಸಿ, ನೆನೆದುಕೊಂಡು ಮನೆಗೆ ಹೋದವನು.
ಯುಗಾದಿಗೊಮ್ಮೆ ದಸರೆಗೊಮ್ಮೆ ಹೊಸ ಬೇವಿನೆಲೆ,
ಸ್ವಂತ ದುಡ್ಡಿನ ನುಸಿಗುಳಿಗೆ.
ಆ ಖರ್ಚಿಗೆ ಬಿಲ್ಲಿಲ್ಲ;
ಬಿಲ್ಲಿಲ್ಲದ್ದನ್ನು ನಾನು ನೋಡಿಲ್ಲ.

ಒಂದು ಕ್ಯಾನ್ವಾಸು, ಕಾಫಿ ಚರಟದ ಬಣ್ಣ.
ಜೆಸಿಂತಾ ಹತ್ತಿಯನ್ನು ನಾಲಿಗೆಗೆ ತಾಗಿಸಿ
ಅದರ ಮೇಲೆ ಉರುಳಿಸಿದರು. ಒರೆಸಲಿಲ್ಲ, ಉರುಳಿಸಿದರು.
ಸೆರಗಿನ ತುದಿ ಬಾಯಲ್ಲಿ ಒದ್ದೆ ಮಾಡಿ
ನನ್ನ ಕೆನ್ನೆಯ ಮಸಿ ತೆಗೆಯುತ್ತಿದ್ದ ಅಮ್ಮನಿಗೆ
ಇಷ್ಟು ತಾಳ್ಮೆ ಇರಲಿಲ್ಲ.
ಅಂಚೆಚೀಟಿಯಷ್ಟು ಜಾಗ.
ಅಲ್ಲಿ ನೀಲಿ.

‘ಏನದು?’
‘ಗೊತ್ತಿಲ್ಲ. ಆಕಾಶವಿರಬಹುದು. ಸೀರೆಯಿರಬಹುದು.
ಪೂರ್ತಿ ತಿಳಿಯಲು
ನಲವತ್ತೆಂಟು ಸಾವಿರದ ಆರುನೂರು.’

ಸಂಜೆ ವಿಜಯನಗರದವರೆಗೆ ಮೆಟ್ರೊದಲ್ಲಿ ನಿಂತೇ ಹೋದೆ,
ಎಲ್ಲರ ನೀಲಿಯನ್ನೂ ನೋಡುತ್ತ:
ಹುಡುಗನ ಶೂ ಲೇಸು,
ಕೊರಳಲ್ಲಿ ತೂಗುವ ಗುರುತುಚೀಟಿಯ ಪಟ್ಟಿ,
ಮಲ್ಲಿಗೆ ಕಟ್ಟಿದ ಪ್ಲಾಸ್ಟಿಕ್ ಚೀಲ.
ಯಾವುದೂ ಅದಲ್ಲ.

ಮಾರ್ಚ್ ಮೂವತ್ತು.
ಹೊಂಗೆ ಹೂ ಕಿಟಕಿಯಿಂದ ಕಡತಗಳ ಮೇಲೆ.
ನಾಳೆ ಉಳಿದ ಹಣವೆಲ್ಲ ವಾಪಸು.
ಪೀಠೋಪಕರಣ ದುರಸ್ತಿ, ಉಳಿಕೆ: ಐವತ್ತೊಂದು ಸಾವಿರ.
ಬರೆದೆ: ‘ದಾಸ್ತಾನು ಪುಟ ೧೧೧ರಲ್ಲಿ ನಮೂದಾದ ಪೀಠೋಪಕರಣ, ಒಂದು.
ದುರಸ್ತಿ ಅಗತ್ಯ.’
ಸುಳ್ಳಲ್ಲ. ಪುಟ ನೋಡಿ.
ಸಹಿ ಬಂತು, ಓದದೆಯೇ ಬರುವ ಸಹಿ.

ಜೂನಿನಲ್ಲಿ ತಿಳಿಯಿತು:
ಧೋಬಿಘಾಟಿನ ಕಲ್ಲಿನ ಮೇಲೊಂದು ಬಕೆಟ್ಟು,
ಬಿಳಿಪಂಚೆಗೆ ಹಾಕುವ ನೀಲಿ.
ಹಿಂಡುವ ಹೆಂಗಸು, ಮೊಣಕೈತನಕ ಒದ್ದೆ,
ನಮ್ಮತ್ತ ತಲೆಯೆತ್ತಲು ಪುರುಸೊತ್ತಿಲ್ಲ.
ಮೂಲೆಯಲ್ಲಿ ಹೆಸರಿಲ್ಲ. ರೋಲ್ ನಂಬರ್ ಹದಿನೇಳು,
ಪಕ್ಕದಲ್ಲಿ ಕೆಂಪು ಪೆನ್ಸಿಲ್ಲಿನ ಮೂವತ್ತನಾಲ್ಕು.
ಪಾಸಿಗೆ ಒಂದು ಕಡಿಮೆ.
‘ಅಳಿಸಲೇ?’ ಎಂದರು ಜೆಸಿಂತಾ.
ಮುನಿಹನುಮಯ್ಯನವರು ಬೇಡವೆಂದರು.
‘ಇರಲಿ ಬಿಡಿ. ಕೊಟ್ಟವರ ಲೆಕ್ಕ ಅದು,
ಅವರದೂ ಗೊತ್ತಾಗಲಿ.’

ಆಡಿಟ್ ಬಂತು. ಆಕ್ಷೇಪಣೆ ಏಳು:
‘ದುರಸ್ತಿಯಾದ ಪೀಠೋಪಕರಣವನ್ನು ಹಾಜರುಪಡಿಸುವುದು.’
ಕರೆದುಕೊಂಡು ಇಳಿದೆ.
ಅವರು ಬಹಳ ಹೊತ್ತು ನಿಂತರು,
ಕನ್ನಡಕ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಮತ್ತೆ ಹಾಕಿ.
ಆಮೇಲೆ ಸುತ್ತ ನೋಡಿದರು,
ಕೂರಲು ಏನಾದರೂ ಇದೆಯೇ ಎಂದು.

ಇರಲಿಲ್ಲ.
ಉಳಿದ ಮುನ್ನೂರ ಹನ್ನೊಂದು
ಗೋಡೆಗೆ ಮುಖಮಾಡಿ ನಿಂತಿದ್ದವು.